ಸಾಕಿದ ಆಮೆಯ ಚಿಪ್ಪಿಗೆ ಏನಾಗಿದೆ? ಮೈಸೂರು, ಮಂಡ್ಯದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಹನ್ನೆರಡು ವರ್ಷಗಳಿಂದ ಆಮೆ ಸಾಕುತ್ತಿದ್ದೇನೆ. ಮೊದಲು ತಂದ ಮರಿ ನಾಲ್ಕೇ ತಿಂಗಳಲ್ಲಿ ಸತ್ತಿತು. ಬೆರಳಿನಿಂದ ಒತ್ತಿದರೆ ಅದರ ಚಿಪ್ಪು ನೆನೆದ ಹಪ್ಪಳದಂತೆ ಬಾಗುತ್ತಿತ್ತು. ಮರಿಯಲ್ಲವೇ, ಮೆತ್ತಗೇ ಇರುತ್ತದೆ ಎಂದುಕೊಂಡು ಸುಮ್ಮನಿದ್ದೆ. ಆ ತಪ್ಪು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ. ಆಮೆ ಕೂಗುವುದಿಲ್ಲ, ನರಳುವುದಿಲ್ಲ. ಅದರ ನೋವು ಹೊರಗೆ ಕಾಣಿಸುವುದು ಚಿಪ್ಪಿನ ಮೇಲೆ, ಅದೂ ವಾರಗಳಷ್ಟು ತಡವಾಗಿ. ಹೊಸದಾಗಿ ಸಾಕುತ್ತಿರುವವರು ಆ ತಡವನ್ನು ಇನ್ನಷ್ಟು ಬೆಳೆಸದಿರಲಿ ಎಂದು ಈ ಪ್ರಶ್ನೋತ್ತರ ಬರೆದಿದ್ದೇನೆ.

ಇಲ್ಲಿ ಹೆಚ್ಚಾಗಿ ಹೇಳಿರುವುದು ನಮ್ಮ ಊರಿನ ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಸಿಗುವ ರೆಡ್ ಇಯರ್ಡ್ ಸ್ಲೈಡರ್ ಬಗ್ಗೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ, ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆಯಿಂದ ಬಂದ ಹಸಿರು ಆಮೆ ಅದು. ನಮ್ಮ ನೆಲದ ಆಮೆಗಳ ವಿಚಾರ ಬೇರೆ. ಅದನ್ನು ಕೊನೆಯ ಕಡೆ ಹೇಳಿದ್ದೇನೆ.

ಚಿಪ್ಪು ಎಂದರೆ ಉಗುರಿನಂತೆಯೇ? ಮುಟ್ಟಿದರೆ ಆಮೆಗೆ ಗೊತ್ತಾಗುತ್ತದೆಯೇ?

ಖಂಡಿತವಾಗಿ ಗೊತ್ತಾಗುತ್ತದೆ. ಚಿಪ್ಪು ಆಮೆಯ ಅಸ್ಥಿಪಂಜರದ ಭಾಗ. ಬೆನ್ನುಮೂಳೆ ಮತ್ತು ಪಕ್ಕೆಲುಬುಗಳು ಬೆನ್ನುಚಿಪ್ಪಿನೊಂದಿಗೆ ಬೆಸೆದುಕೊಂಡಿರುತ್ತವೆ. ಹಾಗಾಗಿಯೇ ಆಮೆಯನ್ನು ಚಿಪ್ಪಿನಿಂದ ಹೊರಗೆ ಎಳೆಯಲು ಆಗುವುದಿಲ್ಲ. ಮೂಳೆಯ ಮೇಲೆ ತೆಳುವಾದ ಜೀವಂತ ಚರ್ಮದ ಪದರ, ಅದರ ಮೇಲೆ ನಮ್ಮ ಉಗುರಿನಲ್ಲಿರುವಂಥ ಕೆರಾಟಿನ್‌ನಿಂದಾದ ಬಿಲ್ಲೆಗಳು. ಸ್ಲೈಡರ್‌ನ ಬೆನ್ನುಚಿಪ್ಪಿನ ಮೇಲೆ ಸಾಮಾನ್ಯವಾಗಿ 38 ಬಿಲ್ಲೆಗಳಿರುತ್ತವೆ, ಹೊಟ್ಟೆಚಿಪ್ಪಿನ ಮೇಲೆ 12. ಬಿಲ್ಲೆಯ ಕೆಳಗೆ ನರವೂ ಇದೆ, ರಕ್ತವೂ ಇದೆ. ಚಿಪ್ಪಿಗೆ ಬಣ್ಣ ಬಳಿಯುವುದು, ಉಗುರು ಬಣ್ಣದಲ್ಲಿ ಹೆಸರು ಬರೆಯುವುದು, ತೂತು ಕೊರೆದು ದಾರ ಕಟ್ಟುವುದು ಇವೆಲ್ಲ ಜೀವಂತ ಮೂಳೆಯ ಮೇಲೆ ನಡೆಸುವ ಹಿಂಸೆ.

ಚಿಪ್ಪಿನಿಂದ ಹೊಪ್ಪಳೆ ಏಳುತ್ತಿದೆ. ಗಾಬರಿಯಾಗಬೇಕೇ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಬಹುಪಾಲು ಮಂದಿಗೆ ನಾನು ಹೇಳುವುದು ‘ಸಂತೋಷಪಡಿ, ಬೆಳೆಯುತ್ತಿದೆ’ ಎಂದು. ಹಾವು ಪೊರೆ ಬಿಡುವಂತೆ ಸ್ಲೈಡರ್ ಹಳೆಯ ಬಿಲ್ಲೆಗಳನ್ನು ಬಿಡುತ್ತದೆ. ಬಿದ್ದ ಹೊಪ್ಪಳೆಯನ್ನು ಬೆಳಕಿಗೆ ಹಿಡಿದು ನೋಡಿ. ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ, ಅರೆಪಾರದರ್ಶಕವಾಗಿದ್ದು ಬಿಲ್ಲೆಯ ಆಕಾರವನ್ನೇ ಹೊತ್ತಿದ್ದರೆ, ಅದರ ಕೆಳಗಿನ ಚಿಪ್ಪು ಗಟ್ಟಿಯಾಗಿ, ಹೊಳಪಾಗಿ, ವಾಸನೆಯಿಲ್ಲದೆ ಇದ್ದರೆ ಎಲ್ಲವೂ ಸರಿಯಿದೆ. ಬಿಲ್ಲೆಗಳ ನಡುವೆ ತೆಳುವಾದ ತಿಳಿ ಗೆರೆ ಕಂಡರೂ ಅದು ಹೊಸ ಬೆಳವಣಿಗೆಯೇ.

ಅರ್ಧ ಎದ್ದ ಹೊಪ್ಪಳೆಯನ್ನು ಉಗುರಿನಿಂದ ಕಿತ್ತು ತೆಗೆಯುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಮುಟ್ಟಬೇಡಿ. ಬಲಿಯದ ಬಿಲ್ಲೆ ಕಿತ್ತ ಜಾಗದಲ್ಲಿ ಗಾಯವಾಗಿ ಸೋಂಕು ಒಳಹೊಕ್ಕ ಆಮೆಗಳನ್ನು ನೋಡಿದ್ದೇನೆ.

ತೊಂದರೆಯ ಪೊರೆ ಬೇರೆ ರೀತಿ ಇರುತ್ತದೆ. ಹೊಪ್ಪಳೆ ದಪ್ಪವಾಗಿರುತ್ತದೆ, ಮೂಳೆಯ ಚೂರು ಅಂಟಿಕೊಂಡು ಬರುತ್ತದೆ, ಕೆಳಗೆ ಹಸಿಯಾಗಿ ಕೆಂಪಾಗಿ ಕಾಣುತ್ತದೆ. ಇವುಗಳಲ್ಲಿ ಯಾವುದು ಕಂಡರೂ ವೈದ್ಯರ ಹತ್ತಿರ ಹೋಗಬೇಕು. ಇನ್ನೊಂದು ಬಗೆಯಲ್ಲಿ ಹಳೆಯ ಬಿಲ್ಲೆ ಬೀಳದೆ ಒಂದರ ಮೇಲೊಂದು ಪೇರಿಕೊಳ್ಳುತ್ತದೆ. ನೀರಿನಿಂದ ಮೇಲೆ ಬಂದು ಪೂರ್ತಿ ಒಣಗಲು ಜಾಗವಿಲ್ಲದ ತೊಟ್ಟಿಗಳಲ್ಲಿ ಇದು ಸಾಮಾನ್ಯ. ಒಣಗದ ಬಿಲ್ಲೆ ಬಿಡುವುದಿಲ್ಲ. ಬಿಡದ ಬಿಲ್ಲೆಯ ಕೆಳಗೆ ನೀರು ನಿಂತು ಕೊಳೆ ಶುರುವಾಗುತ್ತದೆ.

ಬಿಳಿ ಕಲೆಗಳಿವೆ. ಶಿಲೀಂಧ್ರವೇ, ಕೊಳೆಯೇ, ಬೇರೇನಾದರೂ ಇದೆಯೇ?

ಮೊದಲು ಆಮೆಯನ್ನು ಒರೆಸಿ ಒಣಗಿಸಿ, ಆಮೇಲೆ ನೋಡಿ. ಒದ್ದೆಯಾಗಿದ್ದಾಗ ಕಾಣದೆ ಒಣಗಿದಾಗ ಮಾತ್ರ ಸುಣ್ಣ ಬಳಿದಂತೆ ಕಾಣುವ ಬಿಳುಪು ಹೆಚ್ಚಾಗಿ ಗಡಸು ನೀರಿನದು. ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವ ಕೊಳವೆಬಾವಿ ನೀರು ಬಳಸುವ ಮನೆಗಳಲ್ಲಿ ಇದು ಬಂದೇ ಬರುತ್ತದೆ. ಬಿಳಿ ವಿನೆಗರ್‌ಗೆ ಸಮ ಪ್ರಮಾಣದ ನೀರು ಬೆರೆಸಿ ಹತ್ತಿಯಲ್ಲಿ ಅದ್ದಿ, ಒಂದು ಸಣ್ಣ ಜಾಗದಲ್ಲಿ ಒರೆಸಿ ತಕ್ಷಣ ತೊಳೆಯಿರಿ. ಸುಣ್ಣವಾದರೆ ಹೋಗುತ್ತದೆ. ಗಾಯ, ಬಿರುಕು ಇರುವ ಚಿಪ್ಪಿಗೆ ಮಾತ್ರ ವಿನೆಗರ್ ಮುಟ್ಟಿಸಬೇಡಿ.

ಹತ್ತಿಯ ಎಳೆಯಂತೆ, ನೀರಿನಲ್ಲಿ ತೂಗಾಡುವ ಬಿಳಿ ಬೆಳವಣಿಗೆಯಾದರೆ ಶಿಲೀಂಧ್ರ. ಒರೆಸಿದರೆ ಹೋಗದ, ಬಿಲ್ಲೆಯ ಒಳಗಿನಿಂದಲೇ ಬಂದಂತೆ ಕಾಣುವ, ಅಂಚು ತೇಪೆತೇಪೆಯಾಗಿರುವ ಬಿಳಿ ಅಥವಾ ಹಳದಿ ಕಲೆಯಾದರೆ ಕೊಳೆರೋಗದ ಆರಂಭವೆಂದು ಭಾವಿಸಿ. ಪೊರೆ ಬಿಡುವ ಮುನ್ನ ಬಿಲ್ಲೆಯ ಕೆಳಗೆ ಗಾಳಿ ಸೇರಿ ಬೆಳ್ಳಿಯ ಹೊಳಪು ಬರುವುದೂ ಉಂಟು. ಅದಕ್ಕೆ ಔಷಧ ಬೇಡ.

ಚಿಪ್ಪಿನ ಕೊಳೆರೋಗವನ್ನು ಖಚಿತವಾಗಿ ಗುರುತಿಸುವುದು ಹೇಗೆ?

ಕಣ್ಣು, ಬೆರಳು, ಮೂಗು ಮೂರನ್ನೂ ಬಳಸಿ. ವಾರಕ್ಕೊಮ್ಮೆ, ನಾನಾದರೆ ಭಾನುವಾರ ಬೆಳಿಗ್ಗೆ, ಆಮೆಯನ್ನು ಎತ್ತಿ ಒರೆಸಿ ಬೆಳಕಿನಲ್ಲಿ ಹಿಡಿಯುತ್ತೇನೆ. ಹೊಟ್ಟೆಚಿಪ್ಪನ್ನು ಮರೆಯದೆ ನೋಡಬೇಕು. ಕೊಳೆ ಹೆಚ್ಚಾಗಿ ಆರಂಭವಾಗುವುದು ಅಲ್ಲೇ, ಏಕೆಂದರೆ ಒರಟು ಕಲ್ಲಿಗೆ ಉಜ್ಜುವುದೂ ಕೊಳಕು ತಳಕ್ಕೆ ತಾಗಿಕೊಂಡಿರುವುದೂ ಅದೇ ಭಾಗ. ಗುಳಿ ಬಿದ್ದಿದೆಯೇ, ಬಿಲ್ಲೆಯ ಅಂಚು ಮೇಲೆದ್ದಿದೆಯೇ, ಒತ್ತಿದರೆ ಒಂದು ಜಾಗ ಮಾತ್ರ ಮೆತ್ತಗಿದೆಯೇ, ರಸ ಒಸರುತ್ತಿದೆಯೇ ನೋಡಿ. ಆಮೇಲೆ ಮೂಗಿನ ಹತ್ತಿರ ತನ್ನಿ. ಆರೋಗ್ಯವಂತ ಚಿಪ್ಪಿಗೆ ಕೆರೆಯ ನೀರಿನ ವಾಸನೆ ಇರಬಹುದು, ಅಷ್ಟೇ. ಕೊಳೆತ ಮೀನಿನ ವಾಸನೆ ಬಂದರೆ ಅನುಮಾನವೇ ಬೇಡ.

ಸೂಡೋಮೊನಾಸ್, ಏರೋಮೊನಾಸ್, ಸಿಟ್ರೊಬ್ಯಾಕ್ಟರ್ ಮುಂತಾದ ಬ್ಯಾಕ್ಟೀರಿಯಾಗಳು ಕೊಳಕು ನೀರಿನಲ್ಲಿ ಸದಾ ಇರುತ್ತವೆ. ಒಂದು ಗೀರು ಸಾಕು, ಅವು ಒಳಗೆ ಹೋಗುತ್ತವೆ. ಸೋಂಕು ಬಿಲ್ಲೆಯನ್ನು ದಾಟಿ ಮೂಳೆಗೆ, ಅಲ್ಲಿಂದ ರಕ್ತಕ್ಕೆ ಇಳಿದರೆ ಆಮೆ ಊಟ ಬಿಡುತ್ತದೆ, ಕೈಕಾಲು ಸೋತು ಬೀಳುತ್ತದೆ. ಆ ಹಂತದಲ್ಲಿ ಮೇಲೆ ಹಚ್ಚುವ ಮುಲಾಮು ಏನೂ ಮಾಡದು.

ಮನೆಯಲ್ಲೇ ಚಿಕಿತ್ಸೆ ಮಾಡಬಹುದೇ?

ಒಂದೆರಡು ಸಣ್ಣ, ಆಳವಿಲ್ಲದ, ಗಟ್ಟಿಯಾದ ಕಲೆಗಳಿದ್ದು ಆಮೆ ಚೆನ್ನಾಗಿ ತಿಂದು ಓಡಾಡುತ್ತಿದ್ದರೆ ಮಾಡಬಹುದು. ಮೆತ್ತಗಾಗಿದ್ದರೆ, ವಾಸನೆಯಿದ್ದರೆ, ರಕ್ತ ಅಥವಾ ಕೀವು ಕಂಡರೆ, ಮೂಳೆ ಕಾಣಿಸಿದರೆ, ಊಟ ಬಿಟ್ಟಿದ್ದರೆ ಮನೆ ಮದ್ದಿನ ಮಾತೇ ಬೇಡ.

ಮನೆಯ ಚಿಕಿತ್ಸೆಯ ತಿರುಳು ಒಣಗಿಸುವುದರಲ್ಲಿದೆ. ಔಷಧಕ್ಕೆ ಎರಡನೆಯ ಸ್ಥಾನ. ಅಗಲವಾದ ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಮೆತ್ತನೆಯ ಹಳೆಯ ಟವೆಲ್ ಹಾಸಿ, ದಿನಾ ಬದಲಿಸಿ. ಒಂದು ಕೊನೆಯಲ್ಲಿ ದೀಪದ ಬಿಸಿ ಇರಲಿ, ಇನ್ನೊಂದು ಕೊನೆ ತಂಪಾಗಿರಲಿ. ಟಬ್ಬಿನ ಗಾಳಿ ರಾತ್ರಿಯೂ 26 ಡಿಗ್ರಿಗಿಂತ ಕೆಳಗಿಳಿಯಬಾರದು. ತಣ್ಣಗಾದ ಆಮೆಯ ದೇಹ ಸೋಂಕಿನೊಂದಿಗೆ ಹೋರಾಡಲಾರದು.

ದಿನಕ್ಕೊಮ್ಮೆ ಕುದಿಸಿ ಆರಿಸಿದ ನೀರಿನಲ್ಲಿ ಚಿಪ್ಪನ್ನು ತೊಳೆಯಿರಿ. ಬೇಕಿದ್ದರೆ ಮಗುವಿನ ಹಲ್ಲುಜ್ಜುವ ಮೃದು ಬ್ರಷ್ ಬಳಸಿ. ಔಷಧದ ಅಂಗಡಿಯಲ್ಲಿ ಸಿಗುವ ಶೇಕಡಾ 5ರ ಪೊವಿಡೋನ್ ಅಯೋಡಿನ್ ದ್ರಾವಣದ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿದರೆ ಹಾಲಿಲ್ಲದ ತೆಳು ಚಹಾದ ಬಣ್ಣ ಬರುತ್ತದೆ. ಅದನ್ನು ಹತ್ತಿಯಲ್ಲಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ತೊಳೆದು ಒಣಗಿಸಿ. ಶಸ್ತ್ರಚಿಕಿತ್ಸೆಗೆ ಕೈ ತೊಳೆಯಲು ಬಳಸುವ ‘ಸ್ಕ್ರಬ್’ ಎಂಬ ನೊರೆ ಬರುವ ಬಗೆಯನ್ನು ತರಬೇಡಿ, ಅದರಲ್ಲಿ ಸಾಬೂನಿನ ಅಂಶವಿದೆ. ಪೂರ್ತಿ ಒಣಗಿದ ಮೇಲೆ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನು ಕಲೆಯ ಮೇಲೆ ಮಾತ್ರ ತೆಳ್ಳಗೆ ಸವರಿ.

ಅದರ ನಂತರ ಕೆಲವು ಗಂಟೆ ಬಿಟ್ಟು, ಶುದ್ಧವಾದ ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ಗಂಟೆ ಬಿಡಿ. ಸ್ಲೈಡರ್ ನೀರಿನಲ್ಲಿ ಮಾತ್ರ ನುಂಗುತ್ತದೆ. ಊಟ, ನೀರು, ಮಲವಿಸರ್ಜನೆ ಎಲ್ಲವೂ ಆ ಹೊತ್ತಿನಲ್ಲಿ. ಅಂಗೈಗಿಂತ ಚಿಕ್ಕ ಮರಿಗಳು ಬೇಗ ನಿರ್ಜಲೀಕರಣಕ್ಕೆ ಒಳಗಾಗುತ್ತವೆ. ಅವುಗಳನ್ನು ಹೀಗೆ ಇಡೀ ದಿನ ಒಣಗಿಸಬಾರದು, ವೈದ್ಯರನ್ನು ಕೇಳಿಯೇ ಮಾಡಬೇಕು. ಒಂದು ವಾರದಲ್ಲಿ ಕಲೆ ನಿಲ್ಲದೆ ಹರಡುತ್ತಿದ್ದರೆ ನಿಮ್ಮ ಪ್ರಯತ್ನ ಅಲ್ಲಿಗೆ ಮುಗಿಯಲಿ.

ಇಷ್ಟೆಲ್ಲ ಮಾಡಿ ಅದೇ ಕೊಳಕು ತೊಟ್ಟಿಗೆ ವಾಪಸು ಬಿಟ್ಟರೆ ತಿಂಗಳೊಳಗೆ ರೋಗ ಮರಳುತ್ತದೆ. ಆಮೆ ಒಣಗುತ್ತಿರುವಾಗಲೇ ತೊಟ್ಟಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ತೊಳೆದು ಬಿಸಿಲಿಗಿಡಿ.

ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ ಹಚ್ಚಬಹುದೇ?

ಬೇಡ. ನಮ್ಮ ಅಜ್ಜಿಯರ ಕಾಲದಿಂದ ಗಾಯಕ್ಕೆ ಅರಿಶಿನ ಬಂದಿದೆ, ಅದರ ಮೇಲೆ ನನಗೂ ಗೌರವವಿದೆ. ಆದರೆ ಆಮೆಯ ಚಿಪ್ಪಿನ ಮೇಲೆ ಎಣ್ಣೆಯ ಪದರ ಕೂತರೆ ಕೆಳಗಿನ ತೇವ ಅಲ್ಲೇ ಉಳಿಯುತ್ತದೆ, ಧೂಳು ಮೆತ್ತಿಕೊಳ್ಳುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಬೇಕಾಗಿರುವುದೂ ಅಷ್ಟೇ. ಅರಿಶಿನದ ಹಳದಿಯಲ್ಲಿ ಕಲೆ ಮುಚ್ಚಿಹೋಗಿ ರೋಗ ಎಷ್ಟು ಹರಡಿದೆ ಎಂಬುದೂ ವೈದ್ಯರಿಗೆ ಕಾಣುವುದಿಲ್ಲ. ಚಿಪ್ಪು ಹೊಳೆಯಲೆಂದು ಮಾರುವ ಎಣ್ಣೆ, ಸ್ಪ್ರೇಗಳೂ ಇದೇ ಸಾಲಿಗೆ ಸೇರುತ್ತವೆ.

ಯಾವ ವೈದ್ಯರ ಹತ್ತಿರ ಹೋಗಬೇಕು? ಅಲ್ಲಿ ಏನು ಮಾಡುತ್ತಾರೆ?

ಎಲ್ಲ ಪಶುವೈದ್ಯರೂ ಆಮೆ ನೋಡುವುದಿಲ್ಲ. ಮೊದಲೇ ಫೋನ್ ಮಾಡಿ ‘ಸರೀಸೃಪಗಳಿಗೆ ಚಿಕಿತ್ಸೆ ಕೊಟ್ಟ ಅನುಭವ ಇದೆಯೇ’ ಎಂದು ನೇರವಾಗಿ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಒಯ್ಯುವಾಗ ನೀರು ತುಂಬಿದ ಬಕೆಟ್ ಬೇಡ. ಗಾಳಿಯಾಡುವ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಕೂರಿಸಿದರೆ ರೈಲಿನಲ್ಲಿ ಮೂರು ಗಂಟೆ ನೆಮ್ಮದಿಯಾಗಿ ಬರುತ್ತದೆ.

ವೈದ್ಯರು ಕೊಳೆತ ಭಾಗವನ್ನು ಕೆರೆದು ತೆಗೆಯುತ್ತಾರೆ. ನೋವಿನ ಕೆಲಸವಾದ್ದರಿಂದ ನೋವು ನಿವಾರಕ, ಆಳವಾಗಿದ್ದರೆ ಅರಿವಳಿಕೆ ಬೇಕಾಗುತ್ತದೆ. ಯಾವ ಸೂಕ್ಷ್ಮಜೀವಿ ಎಂದು ತಿಳಿಯಲು ಕಲ್ಚರ್ ಪರೀಕ್ಷೆ, ಮೂಳೆ ನೋಡಲು ಎಕ್ಸ್‌ರೇ ಮಾಡಿಸಬಹುದು. ಚುಚ್ಚುಮದ್ದನ್ನು ಮುಂಗಾಲಿನ ಭಾಗದಲ್ಲಿ ಕೊಡುವ ರೂಢಿಯಿದೆ. ಆಮೆಯ ಹಿಂಭಾಗದ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗಬಲ್ಲದು, ಔಷಧ ಅಲ್ಲೇ ಸೋರಿಹೋಗದಿರಲಿ ಎಂಬುದು ಅದರ ಕಾರಣ.

ಒಂದು ಮಾತನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ: ಐವರ್‌ಮೆಕ್ಟಿನ್ ಆಮೆಗೆ ವಿಷ. ದನ, ನಾಯಿಗಳ ಹುಳ, ಉಣ್ಣೆಗಳಿಗೆ ಧಾರಾಳವಾಗಿ ಬಳಸುವ ಈ ಔಷಧ ಆಮೆಯನ್ನು ಪಾರ್ಶ್ವವಾಯುವಿಗೆ ತಳ್ಳಿ ಕೊಲ್ಲಬಲ್ಲದು. ಮನೆಯಲ್ಲಿ ಉಳಿದಿದೆ ಎಂದು ಯಾರೂ ಹಾಕದಿರಲಿ.

ಹೊಟ್ಟೆಚಿಪ್ಪು ಕೆಂಪಾಗಿದೆ. ಏನು ಕಾರಣ?

ಬಿಲ್ಲೆಗಳ ಕೆಳಗೆ ಕೆಂಪು ಹಬ್ಬಿದ್ದು, ಜೊತೆಗೆ ಆಮೆ ಮಂಕಾಗಿದ್ದರೆ ರಕ್ತಕ್ಕೆ ಸೋಂಕು ತಗುಲಿರುವ ಲಕ್ಷಣ. ಅದೇ ದಿನ ವೈದ್ಯರನ್ನು ಕಾಣಬೇಕು, ನಾಳೆ ನೋಡೋಣ ಎನ್ನುವ ಹಾಗಿಲ್ಲ. ಒಂದೇ ಜಾಗದಲ್ಲಿ ಕೆಂಪಾಗಿದ್ದರೆ ಒರಟು ಕಲ್ಲು ಉಜ್ಜಿರಬಹುದು. ತೊಟ್ಟಿಯ ಹೀಟರ್‌ಗೆ ಮೈ ತಾಗಿ ಸುಟ್ಟಿರುವುದೂ ಉಂಟು, ಹೀಟರ್‌ಗೆ ರಕ್ಷಣಾ ಕವಚ ಹಾಕಲೇಬೇಕು.

ಚಿಪ್ಪು ಮೆತ್ತಗಾಗಿದೆ. ಕ್ಯಾಲ್ಸಿಯಂ ಮಾತ್ರೆ ಹಾಕಿದರೆ ಸಾಕೇ?

ಸಾಲದು. ನನ್ನ ಮೊದಲ ಮರಿ ಸತ್ತದ್ದು ಈ ರೋಗದಿಂದಲೇ, ಹಾಗಾಗಿ ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು, ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು, ಡಿ3 ಚರ್ಮದಲ್ಲಿ ತಯಾರಾಗಲು ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಬೇಕು, ಇಷ್ಟೆಲ್ಲ ನಡೆಯಲು ಮೈ ಬೆಚ್ಚಗಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ದೇಹ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಚಿಪ್ಪಿನಿಂದಲೇ ಕಿತ್ತುಕೊಳ್ಳುತ್ತದೆ. ಹೃದಯ ಬಡಿಯಲೂ ಸ್ನಾಯು ಆಡಲೂ ಅದು ಬೇಕಲ್ಲ! ಹೀಗೆ ತಿಂಗಳುಗಟ್ಟಲೆ ಸಾಲ ತೆಗೆದು ತೆಗೆದು ಮೂಳೆ ರಬ್ಬರಿನಂತಾಗುತ್ತದೆ. ಚಿಪ್ಪಿನ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ, ದವಡೆ ಮೆತ್ತಗಾಗಿ ಕಚ್ಚಲು ಆಗುವುದಿಲ್ಲ, ಹಿಂಗಾಲು ಎಳೆಯುತ್ತದೆ.

ಮೊಟ್ಟೆಯೊಡೆದು ಬಂದ ಹೊಸತರಲ್ಲಿ ಚಿಪ್ಪು ತುಸು ಬಾಗುವುದು ಸಹಜ. ತಿಂಗಳುಗಳು ಕಳೆದಂತೆ ಗಟ್ಟಿಯಾಗುತ್ತಾ ಹೋಗಬೇಕು. ಗಟ್ಟಿಯಿದ್ದ ಚಿಪ್ಪು ಮೆತ್ತಗಾದರೆ ಅಥವಾ ಬೆಳೆದ ಆಮೆಯ ಚಿಪ್ಪು ಒತ್ತಿದಾಗ ಬಾಗಿದರೆ ಅದು ರೋಗ. ಎಕ್ಸ್‌ರೇ ತೆಗೆದು, ಕ್ಯಾಲ್ಸಿಯಂ ಅನ್ನು ಯಾವ ಪ್ರಮಾಣದಲ್ಲಿ, ಯಾವ ದಾರಿಯಲ್ಲಿ ಕೊಡಬೇಕೆಂದು ವೈದ್ಯರು ನಿರ್ಧರಿಸಬೇಕು. ಮನುಷ್ಯರ ಡಿ3 ಹನಿಗಳನ್ನು ಅಂದಾಜಿನಲ್ಲಿ ಹಾಕಿದರೆ ಹೆಚ್ಚಾಗಿ, ರಕ್ತನಾಳ, ಮೂತ್ರಪಿಂಡಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತದೆ. ಸರಿಯಾದ ಆರೈಕೆಯಲ್ಲಿ ಚಿಪ್ಪು ಮತ್ತೆ ಗಟ್ಟಿಯಾಗುತ್ತದೆ. ಆದರೆ ಸೊಟ್ಟಗಾದ ಆಕಾರ ಸೊಟ್ಟಗೇ ಉಳಿಯುತ್ತದೆ.

ಮೈಸೂರಿನಲ್ಲಿ ಇಷ್ಟೊಂದು ಬಿಸಿಲಿದೆಯಲ್ಲ, ಯುವಿಬಿ ದೀಪ ಏಕೆ?

ಬಿಸಿಲು ಇದೆ, ಆಮೆಗೆ ತಲುಪುತ್ತಿಲ್ಲ. ಕಿಟಕಿಯ ಗಾಜು ಯುವಿಬಿ ಕಿರಣವನ್ನು ತಡೆಯುತ್ತದೆ. ಗಾಜಿನ ಹಿಂದೆ ಇಡೀ ದಿನ ಕೂತ ಆಮೆಗೆ ಬಿಸಿ ಸಿಗುತ್ತದೆ, ಡಿ3 ಸಿಗುವುದಿಲ್ಲ. ತಾರಸಿಯಲ್ಲೋ ಅಂಗಳದಲ್ಲೋ ಬೆಳಗಿನ ಬಿಸಿಲಿಗೆ ದಿನಾ ಅರ್ಧ ಗಂಟೆ ಬಿಡಲು ನಿಮ್ಮಿಂದ ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ದೀಪ ಇಲ್ಲ. ಅಗಲ ಬಾಯಿಯ ಟಬ್ಬಿನಲ್ಲಿ ಸ್ವಲ್ಪ ನೀರು ಹಾಕಿ, ಅರ್ಧಕ್ಕೆ ನೆರಳು ಮಾಡಿ, ಮೇಲೆ ಬಲೆ ಮುಚ್ಚಿ. ಹದ್ದು, ಕಾಗೆ, ಬೀದಿ ನಾಯಿ ಎಲ್ಲವೂ ಆಮೆಯ ಮೇಲೆ ಕಣ್ಣಿಟ್ಟಿರುತ್ತವೆ. ಗಾಜಿನ ತೊಟ್ಟಿಯನ್ನೇ ಎತ್ತಿ ಬಿಸಿಲಿಗಿಟ್ಟರೆ ಏಪ್ರಿಲ್ ತಿಂಗಳಲ್ಲಿ ಕೆಲವೇ ನಿಮಿಷಗಳಲ್ಲಿ ಒಳಗಿನ ಆಮೆ ಬೆಂದುಹೋಗುತ್ತದೆ.

ಅಪಾರ್ಟ್‌ಮೆಂಟಿನಲ್ಲಿದ್ದರೆ, ಮಳೆಗಾಲದಲ್ಲಿ, ದೀಪ ಬೇಕೇ ಬೇಕು. ಯುವಿಬಿ ದೀಪ ಉರಿಯುತ್ತಲೇ ಇದ್ದರೂ ಅದರ ಕಿರಣ ಕಾಲಕ್ರಮೇಣ ಕುಗ್ಗುತ್ತದೆ. ತಯಾರಕರು ಹೇಳಿದಂತೆ ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕು. ಆಮೆ ಹತ್ತಿ ಕೂರುವ ಒಣ ಜಾಗದಲ್ಲಿ 32 ರಿಂದ 35 ಡಿಗ್ರಿ, ನೀರಿನಲ್ಲಿ 24 ರಿಂದ 28 ಡಿಗ್ರಿ ಇರಲಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮೂರಿನ ತೊಟ್ಟಿಯ ನೀರು ಇದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ಚಿಪ್ಪಿನ ಸೋಂಕು ಹೆಚ್ಚಲು ಇದೂ ಒಂದು ಕಾರಣ.

ಏನು ತಿನ್ನಿಸಬೇಕು?

ಒಣ ಸೀಗಡಿಯ ಡಬ್ಬಿಯನ್ನು ಮೊದಲು ಪಕ್ಕಕ್ಕಿಡಿ. ಅಂಗಡಿಯವರು ಮರಿಯೊಂದಿಗೆ ಅದನ್ನೇ ಕೊಟ್ಟು ಕಳಿಸುತ್ತಾರೆ. ಅದೊಂದನ್ನೇ ತಿಂದು ಬೆಳೆದ ಆಮೆಯ ಚಿಪ್ಪು ಸರಿಯಿರುವುದಿಲ್ಲ. ಆಮೆಗೆಂದೇ ಮಾಡಿದ ಉತ್ತಮ ಪೆಲೆಟ್ ಮೂಲ ಆಹಾರವಾಗಿರಲಿ. ಮರಿಗಳಿಗೆ ಮಾಂಸಾಹಾರ ಹೆಚ್ಚು ಬೇಕು, ಬೆಳೆದಂತೆ ಸೊಪ್ಪು ಹೆಚ್ಚಬೇಕು. ಮುಳ್ಳಿನ ಸಮೇತ ಸಣ್ಣ ಮೀನು, ಎರೆಹುಳು ಒಳ್ಳೆಯದು. ನಮ್ಮ ಹಿತ್ತಲಿನ ನುಗ್ಗೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಸಮೃದ್ಧವಾಗಿದೆ. ದಾಸವಾಳದ ಎಲೆ, ಹೂವನ್ನು ನನ್ನ ಆಮೆ ಕಿತ್ತುಕೊಂಡು ತಿನ್ನುತ್ತದೆ. ಪಾಲಕ್ ಸೊಪ್ಪಿನ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ದಿನಾ ಹಾಕಬೇಡಿ. ಗಿಳಿ ಪಂಜರಕ್ಕೆ ಕಟ್ಟುವ ಕಡಲ ನೊರೆಯ (ಕಟಲ್ ಬೋನ್) ತುಂಡೊಂದನ್ನು ನೀರಿನಲ್ಲಿ ತೇಲಿಬಿಟ್ಟರೆ ಬೇಕಾದಾಗ ಕಡಿಯುತ್ತದೆ. ಅನ್ನ, ಬ್ರೆಡ್, ಹಾಲು, ಬಿಸ್ಕತ್ತು ಬೇಡವೇ ಬೇಡ.

ಮಾಂಸ ಮಾತ್ರ ತಿಂದ ಆಮೆಗಳಲ್ಲಿ ವಿಟಮಿನ್ ಎ ಕೊರತೆಯಾಗಿ ಕಣ್ಣು ಊದುವುದೂ ಉಂಟು. ಕ್ಯಾರೆಟ್, ಸಿಹಿಗುಂಬಳ ತುರಿದು ಹಾಕಿ.

ಬಾಲ್ಕನಿಯಿಂದ ಬಿದ್ದು ಚಿಪ್ಪು ಒಡೆದಿದೆ. ಅಂಟು ಹಾಕಿ ಕೂಡಿಸಬಹುದೇ?

ಅಂಟು, ಎಂ-ಸೀಲ್, ಫೆವಿಕ್ವಿಕ್ ಯಾವುದನ್ನೂ ಮುಟ್ಟಬೇಡಿ. ಬಿರುಕಿನೊಳಗೆ ಸೇರಿದ ಕೊಳೆಯನ್ನು ಅಂಟಿನಿಂದ ಮುಚ್ಚಿದರೆ ಕೀವು ಒಳಗೇ ಬೆಳೆದು ಆಮೆ ಸಾಯುತ್ತದೆ. ಅಂಟು ಜೀವಂತ ಮೂಳೆಯ ಅಂಚುಗಳ ನಡುವೆ ಸೇರಿ ಅವು ಕೂಡಿಕೊಳ್ಳದಂತೆಯೂ ಮಾಡುತ್ತದೆ.

ಮೊದಲು ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಮೃದುವಾಗಿ ಒತ್ತಿ ಹಿಡಿಯಿರಿ. ಮೇಲ್ಪದರದ ಬಿರುಕಾದರೆ ಸಲೈನ್‌ನಿಂದ ತೊಳೆದು, ತೆಳು ಅಯೋಡಿನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಇಟ್ಟು ಸುತ್ತಿ. ಬಿರುಕು ಆಳವಾಗಿದ್ದು ಒಳಗಿನ ಅಂಗ ಅಥವಾ ಪೊರೆ ಕಂಡರೆ ತೊಳೆಯಲು ಹೋಗಬೇಡಿ, ನೀರು ಹೊಟ್ಟೆಯೊಳಗೆ ಇಳಿಯುತ್ತದೆ. ಒದ್ದೆ ಗಾಜ್ ಮುಚ್ಚಿ ಹೊರಡಿ. ಆಮೆಯ ಶ್ವಾಸಕೋಶ ಬೆನ್ನುಚಿಪ್ಪಿನ ಕೆಳಗೇ ಇದೆ. ಬಿರುಕಿನಿಂದ ಗುಳ್ಳೆ ಏಳುತ್ತಿದ್ದರೆ ಪೆಟ್ಟು ಅಲ್ಲಿಗೆ ತಲುಪಿದೆ ಎಂದರ್ಥ. ಒಡೆದ ಚಿಪ್ಪಿನ ಆಮೆಯನ್ನು ನೀರಿಗೆ ಬಿಡಬಾರದು, ಹೊರಗೂ ಇಡಬಾರದು. ನೊಣ ಕೂತು ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಗಾಯದಲ್ಲಿ ಹುಳುವಾಗುತ್ತದೆ. ನಾಯಿ ಕಚ್ಚಿದ ಗಾಯ ಸಣ್ಣದಾಗಿ ಕಂಡರೂ ಅದರ ಬಾಯಿಯ ಬ್ಯಾಕ್ಟೀರಿಯಾ ಆಳಕ್ಕೆ ಹೋಗಿರುತ್ತದೆ, ಆಂಟಿಬಯೋಟಿಕ್ ಬೇಕಾಗುತ್ತದೆ.

ನೋಡಲು ಭಯಂಕರವಾದ ಒಡಕುಗಳೂ ವಾಸಿಯಾಗುತ್ತವೆ. ವೈದ್ಯರು ಶುದ್ಧಗೊಳಿಸಿ, ಚೂರುಗಳನ್ನು ಕೂಡಿಸಿ, ತಂತಿಯಿಂದಲೋ ಪಟ್ಟಿಯಿಂದಲೋ ಬಿಗಿಯುತ್ತಾರೆ. ಎಲ್ಲ ಮುಗಿಯಿತು ಎಂದು ಆಸೆ ಬಿಡಬೇಡಿ.

ಚಿಪ್ಪಿನ ಮೇಲೆ ಹಸಿರು ಪಾಚಿ ಕಟ್ಟಿದೆ.

ಪಾಚಿಯಿಂದ ಹಾನಿ ಕಡಿಮೆ. ಮೃದು ಬ್ರಷ್ಷಿನಿಂದ ಬರೀ ನೀರಿನಲ್ಲಿ ಉಜ್ಜಿದರೆ ಹೋಗುತ್ತದೆ, ಸಾಬೂನು ಬೇಡ. ಪಾಚಿ ಬೇಗ ಬೇಗ ಕಟ್ಟುತ್ತಿದ್ದರೆ ನೀರು ಕೊಳಕಾಗಿದೆ ಅಥವಾ ಆಮೆ ಮೇಲೆ ಬಂದು ಒಣಗುತ್ತಿಲ್ಲ.

ತೊಟ್ಟಿ ಎಷ್ಟು ದೊಡ್ಡದಿರಬೇಕು?

ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು ಎಂಬುದು ಸಾಕುವವರ ನಡುವಿನ ಲೆಕ್ಕ. ಇಂದು ಅಂಗೈಯಲ್ಲಿ ಆಡುವ ಮರಿ ಹೆಣ್ಣಾದರೆ 25 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, 30 ವರ್ಷ ಬದುಕಬಲ್ಲದು. ಪ್ಲಾಸ್ಟಿಕ್ ತೆಂಗಿನ ಮರವಿರುವ ಬಟ್ಟಲುಗಳನ್ನು ಮಾರುವುದನ್ನೇ ನಿಲ್ಲಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ತೊಟ್ಟಿಗೆ ಹೇಳಿದ್ದಕ್ಕಿಂತ ಎರಡು ಪಟ್ಟು ಶಕ್ತಿಯ ಫಿಲ್ಟರ್ ಹಾಕಿ, ವಾರಕ್ಕೊಮ್ಮೆ ಮೂರನೇ ಒಂದು ಪಾಲಾದರೂ ನೀರು ಬದಲಿಸಿ. ಊಟವನ್ನು ಬೇರೆ ಟಬ್ಬಿನಲ್ಲಿ ಕೊಟ್ಟರೆ ನೀರು ಎಷ್ಟೋ ದಿನ ತಿಳಿಯಾಗಿರುತ್ತದೆ.

ನಕ್ಷತ್ರ ಆಮೆಯ ಚಿಪ್ಪು ಗುಬುಟು ಗುಬುಟಾಗಿ ಬೆಳೆಯುತ್ತಿದೆ. ಏನು ಮಾಡಲಿ?

ಬಿಲ್ಲೆಗಳು ಗೋಪುರದಂತೆ ಏಳುವುದು ಮರಿಯಾಗಿದ್ದಾಗ ಅತಿಯಾಗಿ ಒಣಗಿದ ವಾತಾವರಣ, ತಪ್ಪು ಆಹಾರ, ಬಿಸಿಲಿನ ಕೊರತೆ ಇವುಗಳ ಫಲ. ನಕ್ಷತ್ರ ಆಮೆಗೆ ಸಹಜವಾಗಿಯೇ ತುಸು ಗೋಪುರವಿರುತ್ತದೆ, ಅದು ಬೇರೆ.

ಆದರೆ ಅದಕ್ಕಿಂತ ದೊಡ್ಡ ಮಾತಿದೆ. ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅದನ್ನು ಮನೆಯಲ್ಲಿಡುವುದು ಅಪರಾಧ. 2019ರಿಂದ ಅದರ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೂ ನಿಷೇಧವಿದೆ. ಮನೆಗೆ ಅದೃಷ್ಟ ತರುತ್ತದೆ, ವಾಸ್ತುದೋಷ ಕಳೆಯುತ್ತದೆ ಎಂಬ ಮಾತು ನಂಬಿ ತಂದವರು ಅರಣ್ಯ ಇಲಾಖೆಯನ್ನು ಸಂಪರ್ಕಿಸಿ ಒಪ್ಪಿಸಬೇಕು. ಕಾಡಿನಿಂದ ಕಿತ್ತು ತಂದ ಜೀವ ಟ್ರಂಕಿನ ಕತ್ತಲಲ್ಲಿ ಉಸಿರು ಹಿಡಿದು ಬಂದಿರುತ್ತದೆ. ಅದರಿಂದ ಯಾವ ಮನೆಗೂ ಒಳಿತಾಗುವುದಿಲ್ಲ ಎಂದು ನಾನು ನಂಬುತ್ತೇನೆ.

ವಿಶ್ವೇಶ್ವರಯ್ಯ ನಾಲೆಯ ಹತ್ತಿರ ಸಿಕ್ಕಿದ ಆಮೆಯ ಚಿಪ್ಪು ಮೆತ್ತಗಿದೆ, ಬಿಲ್ಲೆಗಳೇ ಇಲ್ಲ. ರೋಗವೇ?

ಮಂಡ್ಯ ಕಡೆಯಿಂದ ಮಳೆಗಾಲದಲ್ಲಿ ಬರುವ ಪ್ರಶ್ನೆ. ಅದು ರೋಗವಲ್ಲ, ಜಾತಿಯೇ ಹಾಗೆ. ನಮ್ಮ ಕೆರೆ, ನಾಲೆ, ಗದ್ದೆಗಳಲ್ಲಿರುವ ಫ್ಲಾಪ್‌ಶೆಲ್ ಆಮೆಯ ಚಿಪ್ಪಿನ ಮೇಲೆ ಬಿಲ್ಲೆಯ ಬದಲು ಚರ್ಮವಿರುತ್ತದೆ. ಕಾವೇರಿಯಲ್ಲಿರುವ ದೊಡ್ಡ ಮೃದುಚಿಪ್ಪಿನ ಆಮೆಗಳದೂ ಇದೇ ರಚನೆ. ಇವೆರಡಕ್ಕೂ ಕಾನೂನಿನ ರಕ್ಷಣೆಯಿದೆ. ರಸ್ತೆ ದಾಟುತ್ತಿದ್ದರೆ ಅದು ಹೊರಟ ದಿಕ್ಕಿನಲ್ಲೇ ಆಚೆ ಬದಿಗೆ ದಾಟಿಸಿ ಬಿಡಿ. ಕಬ್ಬಿನ ಗದ್ದೆಯಲ್ಲಿ ಟ್ರ್ಯಾಕ್ಟರ್ ತಾಗಿ ಗಾಯವಾಗಿದ್ದರೆ ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಮೇಲಿಟ್ಟು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಸಾಕಲಾಗುತ್ತಿಲ್ಲ. ಕುಕ್ಕರಹಳ್ಳಿ ಕೆರೆಗೆ ಬಿಡಬಹುದೇ?

ಕೈ ಮುಗಿದು ಕೇಳಿಕೊಳ್ಳುತ್ತೇನೆ, ಬಿಡಬೇಡಿ. ಕುಕ್ಕರಹಳ್ಳಿಗೂ ಬೇಡ, ಕಾರಂಜಿ ಕೆರೆಗೂ ಬೇಡ, ಶ್ರೀರಂಗಪಟ್ಟಣದ ಹೊಳೆಗೂ ಬೇಡ, ದೇವಸ್ಥಾನದ ಕಲ್ಯಾಣಿಗೂ ಬೇಡ. ಸ್ಲೈಡರ್ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಅದು ಕಸಿಯುತ್ತದೆ. ಚಿಪ್ಪಿನ ರೋಗವಿರುವ ಆಮೆಯಾದರೆ ತನ್ನ ಸೋಂಕನ್ನೂ ಅಲ್ಲಿಗೆ ಒಯ್ಯುತ್ತದೆ. ಚೆನ್ನಾಗಿ ಸಾಕಬಲ್ಲ ಇನ್ನೊಬ್ಬರನ್ನು ಹುಡುಕಿ ಕೊಡಿ.

ಮಕ್ಕಳಿಗೆ ರೋಗ ಬರುತ್ತದೆಯೇ?

ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಇರಬಹುದು. ಈ ಕಾರಣಕ್ಕೇ ಅಮೆರಿಕದಲ್ಲಿ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧವಾಯಿತು. ಮುಟ್ಟಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಯಬೇಕು, ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬಾರದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡುವುದೇ ಬೇಡ. ಚಿಪ್ಪಿನ ಗಾಯಕ್ಕೆ ಔಷಧ ಹಚ್ಚುವಾಗ ಕೈಗವಸು ಹಾಕಿಕೊಳ್ಳಿ.

ಗುಣವಾಗಲು ಎಷ್ಟು ದಿನ? ಕಲೆ ಉಳಿಯುತ್ತದೆಯೇ?

ಮೇಲ್ಪದರದ ಕೊಳೆ ಒಣಗಲು ಕೆಲವು ವಾರ. ಮೂಳೆಗೆ ತಲುಪಿದ್ದರೆ ತಿಂಗಳುಗಳು. ಒಡೆದ ಚಿಪ್ಪು ಪೂರ್ತಿ ಕೂಡಿಕೊಳ್ಳಲು ವರ್ಷವೋ ಅದಕ್ಕಿಂತ ಹೆಚ್ಚೋ ಹಿಡಿಯಬಹುದು. ಹೊಸ ಕಲೆ ಹುಟ್ಟುವುದು ನಿಂತಿದೆಯೇ, ಹಳೆಯ ಗುಳಿಯ ತಳ ಒಣಗಿ ಗಟ್ಟಿಯಾಗಿದೆಯೇ, ವಾಸನೆ ಹೋಗಿದೆಯೇ ಎಂಬ ಮೂರನ್ನು ನೋಡುತ್ತಿರಿ. ಪ್ರತಿ ವಾರ ಅದೇ ಬೆಳಕಿನಲ್ಲಿ, ಅದೇ ದೂರದಿಂದ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ನಿಮಗೂ ವೈದ್ಯರಿಗೂ ಸಹಾಯ. ದಿನಾ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ತಿಳಿಯುವುದಿಲ್ಲ.

ಗುಳಿ ಬಿದ್ದ ಗುರುತು ಹೆಚ್ಚಾಗಿ ಉಳಿಯುತ್ತದೆ. ನನ್ನ ಈಗಿನ ಆಮೆಯ ಹೊಟ್ಟೆಚಿಪ್ಪಿನ ಎಡ ಅಂಚಿನಲ್ಲಿ ಹುಣಸೆ ಬೀಜದಷ್ಟು ಅಗಲದ ತಗ್ಗಿದೆ. ಏಳು ವರ್ಷದ ಹಿಂದಿನ ಕೊಳೆ, ಎರಡೂವರೆ ತಿಂಗಳು ಒಣಗಿಸಿ ಗುಣಪಡಿಸಿದ್ದು. ಪ್ರತಿ ಭಾನುವಾರ ಮೊದಲು ಬೆರಳು ಹೋಗುವುದು ಅಲ್ಲಿಗೇ. ಗಟ್ಟಿಯಾಗಿದೆ.